ಸ್ವಲೀನತೆಯ ಮಗು, ಧ್ವನಿ ಚಿಕಿತ್ಸೆ ಮತ್ತು ಪಾಲಕರ ದಿನವಹಿ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅಳತೆ ಪುಸ್ತಕದಲ್ಲಿ ದಾಖಲಾಗದೆ ಚರಂಡಿ ಕಾಮಗಾರಿಯ ಬಿಲ್ಲು ಪಾವತಿಯಾಗುವುದಿಲ್ಲ ಎಂಬುದು ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ತಿಳಿದ ಸಂಗತಿ. ಕೆಲಸಕ್ಕೆ ಮುನ್ನ ನೆಲ ಹೇಗಿತ್ತು, ಮುಗಿದ ಮೇಲೆ ಏನಾಯಿತು ಎಂಬ ಎರಡೂ ಲೆಕ್ಕ ಅಲ್ಲಿರಬೇಕು. ಆದರೆ ಕುಟುಂಬವೊಂದು ವರ್ಷದ ತೊಗರಿಯ ಹಣವನ್ನೆಲ್ಲ ಮಗುವಿನ ಚಿಕಿತ್ಸೆಗೆ ಸುರಿಯುವಾಗ ಅಂತಹ ಲೆಕ್ಕವನ್ನು ಯಾರೂ ಇಡುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ಭೀಮೆಯ ದಂಡೆಯ ಮಣ್ಣೂರಿನಂತಹ ಊರಿನಲ್ಲಿ ಸ್ವಲೀನತೆ, ಅಂದರೆ ಆಟಿಸಂ, ಆ ಹೆಸರಿನಿಂದ ಕಾಣಿಸಿಕೊಳ್ಳುವುದು ವಿರಳ. ಮೂರು ವರ್ಷವಾದರೂ ಮಗು ಮಾತನಾಡುವುದಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ. ಜಾತ್ರೆಯ ಹಲಿಗೆ, ಹಿಟ್ಟಿನ ಗಿರಣಿ, ಕುಕ್ಕರಿನ ಸೀಟಿ ಕೇಳಿದರೆ ಮಾತ್ರ ಎರಡೂ ಕಿವಿ ಮುಚ್ಚಿಕೊಂಡು ಚೀರುತ್ತದೆ. ಒಬ್ಬರು ಕಿವುಡು ಎನ್ನುತ್ತಾರೆ, ಇನ್ನೊಬ್ಬರು ಹಟ ಎನ್ನುತ್ತಾರೆ, ಮತ್ತೊಬ್ಬರು ಹರಕೆ ಹೊರಲು ಹೇಳುತ್ತಾರೆ. ಇಷ್ಟರ ನಡುವೆ ಯಾರದೋ ಮೊಬೈಲಿನಲ್ಲಿ ಒಂದು ವಿಡಿಯೋ ಬರುತ್ತದೆ: ಮಗುವಿನ ಕಿವಿಗೆ ಹೆಡ್‌ಫೋನ್, ಹತ್ತು ದಿನ ಸಂಗೀತ, ಆಮೇಲೆ ಮಾತು.

ಈ ಪದ್ಧತಿಗೆ ಒಂದು ಚರಿತ್ರೆಯಿದೆ. ಫ್ರಾನ್ಸಿನ ಕಿವಿ, ಮೂಗು, ಗಂಟಲು ವೈದ್ಯ ಗೀ ಬೆರಾರ್ ಇದನ್ನು ರೂಪಿಸಿದರು. ಕೆಲವು ಸ್ವರಗಳು ಕಿವಿಗೆ ಅತಿಯಾಗಿ ತಾಗುವುದೇ ತೊಂದರೆಯ ಮೂಲವೆಂಬುದು ಅವರ ನಂಬಿಕೆ. ಯಂತ್ರದಿಂದ ಸೋಸಿದ, ಸ್ವರಮಟ್ಟ ಏರಿಳಿಸಿದ ಸಂಗೀತವನ್ನು ದಿನಕ್ಕೆ ಎರಡು ಬಾರಿ, ಅರ್ಧರ್ಧ ಗಂಟೆಯಂತೆ, 10 ದಿನ ಕೇಳಿಸುವುದು ಅವರ ಕ್ರಮ. ಅಮೆರಿಕದ ಆನಬೆಲ್ ಸ್ಟೆಲಿ ಎಂಬ ತಾಯಿ ತಮ್ಮ ಮಗಳನ್ನು ಅವರ ಬಳಿಗೆ ಕರೆದೊಯ್ದರು. ಮಳೆಯ ಸದ್ದು ಗುಂಡಿನ ಸುರಿಮಳೆಯಂತೆ ಕೇಳುತ್ತಿದ್ದ ಆ ಹುಡುಗಿ ಚಿಕಿತ್ಸೆಯ ನಂತರ ಚೇತರಿಸಿಕೊಂಡಳೆಂದು ಅವರು ಬರೆದ ಪುಸ್ತಕ 1991ರಲ್ಲಿ ಪ್ರಕಟವಾಗಿ, ಸಾವಿರಾರು ಪಾಲಕರಲ್ಲಿ ಆಸೆ ಹುಟ್ಟಿಸಿತು. ಆ ತಾಯಿ ಸುಳ್ಳು ಹೇಳಿದರೆಂದು ಭಾವಿಸಲು ಕಾರಣವಿಲ್ಲ. ತಾನು ಕಂಡದ್ದನ್ನು ಆಕೆ ಬರೆದರು. ಕಂಡ ಬದಲಾವಣೆಗೆ ಕಾರಣ ಯಾವುದು ಎಂಬುದು ಬೇರೆಯೇ ಪ್ರಶ್ನೆ.

ಆ ಪ್ರಶ್ನೆಗೆ ಉತ್ತರ ಹುಡುಕಿದವರು ಆಸ್ಟ್ರೇಲಿಯಾದ ಸಂಶೋಧಕಿ ಸೂ ಬೆಟಿಸನ್. 80 ಮಕ್ಕಳನ್ನು ಅವರು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಯಂತ್ರದಿಂದ ಸೋಸಿದ ಸಂಗೀತ. ಇನ್ನೊಂದಕ್ಕೆ ಅದೇ ಸಂಗೀತ, ಸೋಸದೆ, ಅದೇ ಏರ್ಪಾಡಿನಲ್ಲಿ. 1996ರಲ್ಲಿ ಪ್ರಕಟವಾದ ಫಲಿತಾಂಶ ವಿಚಿತ್ರವಾಗಿತ್ತು: ಎರಡೂ ಗುಂಪಿನ ಮಕ್ಕಳು ಸುಧಾರಿಸಿದ್ದರು, ಬಹುತೇಕ ಸಮನಾಗಿ. ಹಾಗಾದರೆ ಯಂತ್ರದ ಪಾಲೆಷ್ಟು? 2011ರಲ್ಲಿ ಕಾಕ್ರೇನ್ ಸಂಸ್ಥೆ ಒಟ್ಟು 182 ಜನರನ್ನು ಒಳಗೊಂಡ ಏಳು ಪ್ರಯೋಗಗಳನ್ನು ಪರಿಶೀಲಿಸಿ, ಧ್ವನಿ ಚಿಕಿತ್ಸೆ ಫಲಕಾರಿ ಎನ್ನಲು ಪುರಾವೆ ಸಾಲದೆಂದು ತಿಳಿಸಿತು.

ಇಂಗುಗುಂಡಿಯ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಮೇ ತಿಂಗಳಲ್ಲಿ ಗುಂಡಿ ತೋಡಿ, ಸೆಪ್ಟೆಂಬರಿನಲ್ಲಿ ಕೊಳವೆಬಾವಿಯ ನೀರು ಏರಿದೆಯೆಂದು ಫಲಕ ಹಾಕಿದರೆ ಅದು ಗುಂಡಿಯ ಕೆಲಸವೋ, ಮಳೆಯ ಕೆಲಸವೋ? ಗುಂಡಿಯಿಲ್ಲದ ಪಕ್ಕದ ಬಾವಿಯನ್ನೂ ಅಳೆದಿದ್ದರೆ ಮಾತ್ರ ಹೇಳಲಾದೀತು. ಮಗುವೂ ತಿಂಗಳು ತಿಂಗಳಿಗೆ ಬೆಳೆಯುತ್ತಿರುತ್ತದೆ. ಚಿಕಿತ್ಸೆಗೆಂದು ತಾಯಿ ಹತ್ತು ದಿನ ಬೇರೆಲ್ಲ ಕೆಲಸ ಬಿಟ್ಟು ಮಗುವಿನ ಬಳಿ ಕುಳಿತಿರುತ್ತಾಳೆ. ಹಣ ತೆತ್ತವರ ಕಣ್ಣಿಗೆ ಸಣ್ಣ ಬದಲಾವಣೆಯೂ ದೊಡ್ಡದಾಗಿ ಕಾಣುತ್ತದೆ.

ಆದ್ದರಿಂದ ಪಾಲಕರಿಗೆ ಮೊದಲು ಬೇಕಾದದ್ದು ಒಂದು ನೋಟುಪುಸ್ತಕ. ಚಿಕಿತ್ಸೆ ಯಾವುದೇ ಇರಲಿ, ಅದಕ್ಕೆ ಕನಿಷ್ಠ ಎರಡು ವಾರ ಮೊದಲೇ ಬರೆಯಲು ಆರಂಭಿಸಬೇಕು. ‘ಚುರುಕಾಗಿದ್ದಾನೆ’ ಎಂದು ಬರೆದರೆ ಅದು ಲೆಕ್ಕವಲ್ಲ. ‘ಹತ್ತು ಸಲ ಹೆಸರು ಕರೆದಾಗ ಎರಡು ಸಲ ತಿರುಗಿದ’, ‘ಗಿರಣಿಯ ಮುಂದೆ ಕಿವಿ ಮುಚ್ಚಿದ, ಅಳು ಐದು ನಿಮಿಷ’, ‘ನೀರು ಬೇಕೆಂದು ಕೈ ಹಿಡಿದು ಎಳೆದ’ ಎಂಬುದು ಲೆಕ್ಕ. ಮೂರು ನಾಲ್ಕು ಸಂಗತಿಗಳನ್ನು ಮಾತ್ರ ಆರಿಸಿ, ದಿನವೂ ಅದೇ ಹೊತ್ತಿಗೆ ನೋಡಬೇಕು. ಜ್ವರ ಬಂದದ್ದು, ನಿದ್ದೆ ಕೆಟ್ಟದ್ದು, ಔಷಧ ಬದಲಾದದ್ದು, ಅಂಗನವಾಡಿಗೆ ಹೊಸದಾಗಿ ಸೇರಿದ್ದು ಇವೂ ದಾಖಲಾಗಬೇಕು. ಕೆಟ್ಟ ದಿನಗಳನ್ನು ಬಿಟ್ಟು ಬರೆದ ಪುಸ್ತಕ ಕಾಗದಕ್ಕೆ ದಂಡ. ಚಿಕಿತ್ಸೆಯ ವಿಷಯ ತಿಳಿಸದೆ ಅಂಗನವಾಡಿ ಕಾರ್ಯಕರ್ತೆಯಿಂದ ವಾರಕ್ಕೊಮ್ಮೆ ಅದೇ ಸಂಗತಿಗಳನ್ನು ಬರೆಯಿಸಿದರೆ ಅದು ಪಕ್ಕದ ಬಾವಿಯ ಅಳತೆಯಷ್ಟು ಪೂರ್ಣವಲ್ಲದಿದ್ದರೂ ಪಾಲಕರ ಆಸೆಯ ಕಣ್ಣಿಗೆ ಒಂದು ತಡೆಯಾಗುತ್ತದೆ. ಓದು ಬಾರದ ತಾಯಿ ಗೆರೆ ಎಳೆದು ಎಣಿಸಿದರೂ ಸಾಕು. ಹಾಲಿನ ಲೆಕ್ಕ ಗೋಡೆಯ ಮೇಲೆ ಇಡುವವರಿಗೆ ಇದು ಹೊಸದಲ್ಲ.

ಈ ಪುಸ್ತಕದ ಪ್ರಯೋಜನ ಧ್ವನಿ ಚಿಕಿತ್ಸೆಯನ್ನು ಒರೆಗೆ ಹಚ್ಚುವುದಕ್ಕಷ್ಟೇ ಸೀಮಿತವಲ್ಲ. ವೈದ್ಯರ ಮುಂದೆ ಐದು ನಿಮಿಷದಲ್ಲಿ ಹೇಳಲಾಗದ್ದನ್ನು ಅದು ಹೇಳುತ್ತದೆ. ಪ್ರಮಾಣಪತ್ರಕ್ಕಾಗಿ ತಜ್ಞರು ಬಳಸುವ ಭಾರತೀಯ ಸ್ವಲೀನತಾ ಮಾಪನದಲ್ಲಿ 40 ಅಂಶಗಳಿವೆ. ಒಂದೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70 ಅಥವಾ ಅದಕ್ಕಿಂತ ಹೆಚ್ಚಾದರೆ ಸ್ವಲೀನತೆ ಎಂದು ಪರಿಗಣನೆ. ಅಲ್ಲಿ ಕೇಳುವ ಪ್ರಶ್ನೆಗಳಿಗೆ ನೆನಪಿಗಿಂತ ದಿನವಹಿಯೇ ಉತ್ತಮ ಉತ್ತರ.

ಇನ್ನು ಪಂಚಾಯಿತಿಯ ಪಾಲು. ಹೆಸರು ಕರೆದರೆ ತಿರುಗದ ಮಗುವಿಗೆ ಮೊದಲು ಶ್ರವಣ ಪರೀಕ್ಷೆಯಾಗಬೇಕು. ಕಿವುಡುತನವನ್ನು ಸ್ವಲೀನತೆಯೆಂದೂ, ಸ್ವಲೀನತೆಯನ್ನು ಕಿವುಡುತನವೆಂದೂ ತಿಳಿದು ವರ್ಷಗಳನ್ನು ಕಳೆಯುವುದಕ್ಕಿಂತ ದೊಡ್ಡ ನಷ್ಟ ಬೇರಿಲ್ಲ. 2013ರಿಂದ ಜಾರಿಯಲ್ಲಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಶಾಲೆಗಳಿಗೆ ಬರುವ ದಿನ ಅಂತಹ ಮಗು ಮನೆಯಲ್ಲಿ ಉಳಿಯದಂತೆ ವಾರ್ಡಿನ ಸದಸ್ಯರೇ ನೋಡಿಕೊಳ್ಳಬಹುದು. ಮಾತು ಮತ್ತು ಶ್ರವಣಕ್ಕೆ ಮೀಸಲಾದ ರಾಷ್ಟ್ರಮಟ್ಟದ ಸಂಸ್ಥೆಯೇ 1965ರಿಂದ ಮೈಸೂರಿನಲ್ಲಿದೆ: ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ದೂರ ನಿಜ, ಆದರೆ ವಿಡಿಯೋದ ಮಾತು ನಂಬಿ ದೂರದ ನಗರಕ್ಕೆ ಹೊರಡಲು ಸಿದ್ಧವಿರುವ ಕುಟುಂಬಕ್ಕೆ ಈ ವಿಳಾಸವೂ ತಿಳಿದಿರಬೇಕು.

2016ರ ವಿಕಲಚೇತನರ ಹಕ್ಕುಗಳ ಅಧಿನಿಯಮ ಗುರುತಿಸಿರುವ 21 ವಿಕಲತೆಗಳಲ್ಲಿ ಸ್ವಲೀನತೆಯೂ ಒಂದು. ಹೀಗಿದ್ದರೂ ವಿಕಲಚೇತನರ ಶೇ. 5ರ ನಿಧಿ ಎಂದರೆ ತ್ರಿಚಕ್ರ ವಾಹನ ಎಂಬ ರೂಢಿ ಹಲವೆಡೆ ಬೇರೂರಿದೆ. ಕೈಕಾಲು ಸರಿಯಿರುವ, ಓಡಾಡುವ, ಮಾತಾಡದ ಮಗು ಆ ಪಟ್ಟಿಯಲ್ಲಿ ಬರುವುದೇ ಇಲ್ಲ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಮನೆಯ ಪಟ್ಟಿಯನ್ನು ಈ ದೃಷ್ಟಿಯಿಂದ ಮತ್ತೊಮ್ಮೆ ಪರಿಶೀಲಿಸುವಂತೆ ಮುಂದಿನ ಸಾಮಾನ್ಯ ಸಭೆಯಲ್ಲಿ ಠರಾವು ಮಾಡಬಹುದು. ಪಟ್ಟಿಗೆ ಬಂದ ಪ್ರತಿ ಮಗುವಿನ ಮನೆಗೆ ಇನ್ನೂರು ಪುಟದ ಒಂದು ನೋಟುಪುಸ್ತಕ ಕೊಟ್ಟು, ಮೊದಲ ಪುಟವನ್ನು ಕಾರ್ಯಕರ್ತರೇ ತಾಯಿಯ ಜೊತೆ ಕುಳಿತು ತುಂಬಿಸಬಹುದು.