ಜಾಮೀನು ನಿಂತವರ ಬಾಕಿ



ಪೇಟೆಯಲ್ಲಿ ಒಬ್ಬನ ಸಾಲಕ್ಕೆ ಇನ್ನೊಬ್ಬ ಜಾಮೀನು ನಿಂತನೆನ್ನಿ. ಸಾಲಗಾರ ಕೈಯೆತ್ತಿದ ದಿನ ನಾವು ಜಾಮೀನುದಾರನ ಬಾಗಿಲಿಗೆ ಹೋಗುತ್ತೇವೆ. ದೊಡ್ಡ ರಾಷ್ಟ್ರಗಳಿಗೆ ಮಾತ್ರ ಈ ನ್ಯಾಯ ಇನ್ನೂ ತಗಲಿಲ್ಲ.

1954ರಲ್ಲಿ ಪಾಕಿಸ್ತಾನಕ್ಕೆ ಆಯುಧ ಕೊಡಲೊಪ್ಪಿದ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ನೆಹರೂ ಅವರಿಗೆ ಕಾಗದ ಬರೆದರು: ಆಯುಧಗಳು ಆಕ್ರಮಣಕ್ಕೆ ಬಳಕೆಯಾದರೆ ತಡೆಯಲು ತಾವು ಕ್ರಮ ಕೈಗೊಳ್ಳುವುದಾಗಿ. 1965ರಲ್ಲಿ ಪ್ಯಾಟನ್ ಟ್ಯಾಂಕುಗಳು ನಮ್ಮ ಗಡಿ ದಾಟಿ ಬಂದವು. ಅಮೆರಿಕ ಇಬ್ಬರಿಗೂ ಆಯುಧ ನಿಲ್ಲಿಸಿ ಕೈ ತೊಳೆದುಕೊಂಡಿತು.

1971ರ ಲೆಕ್ಕ ಇದಕ್ಕಿಂತ ದೊಡ್ಡದು. 1970ರ ಡಿಸೆಂಬರ್ ಚುನಾವಣೆಯಲ್ಲಿ ಪಾಕಿಸ್ತಾನದ ಜನ ಅವಾಮಿ ಲೀಗಿಗೆ ಸ್ಪಷ್ಟ ಬಹುಮತ ಕೊಟ್ಟರು. ಸೇನಾಧಿಪತಿ ಯಾಹ್ಯಾಖಾನನ ಉತ್ತರ ಮಾರ್ಚ್ 25ರ ರಾತ್ರಿ ಢಾಕಾದ ಬೀದಿಗಳಲ್ಲಿ, ವಿದ್ಯಾರ್ಥಿ ನಿಲಯಗಳಲ್ಲಿ ಗುಂಡಾಗಿ ಬಂದಿತು. ಅಲ್ಲಿದ್ದ ಅಮೆರಿಕದ ರಾಯಭಾರ ಅಧಿಕಾರಿ ಆರ್ಚರ್ ಬ್ಲಡ್ ಕಂಡದ್ದನ್ನು ಕಂಡಂತೆ ವಾಷಿಂಗ್ಟನ್ನಿಗೆ ಬರೆದರು. ಏಪ್ರಿಲ್ 6ರಂದು ಇಪ್ಪತ್ತು ಮಂದಿ ಅಮೆರಿಕನ್ನರು ತಮ್ಮ ಸರ್ಕಾರದ ಮೌನವನ್ನೇ ಖಂಡಿಸಿ ಸಹಿ ಹಾಕಿದ ತಂತಿ ಹೋಯಿತು. ಫಲವೇನು? ಬ್ಲಡ್ ಅವರನ್ನು ಢಾಕಾದಿಂದ ತೆಗೆದರು. ಈಗ ಯಾಹ್ಯಾನನ್ನು ಹಿಂಡಬೇಡಿರೆಂದು ಅಧ್ಯಕ್ಷ ನಿಕ್ಸನ್ ಕೈಬರಹದಲ್ಲೇ ಸೂಚಿಸಿದರು. ಚೀನಾದ ಬಾಗಿಲು ತೆರೆಯಲು ಅವರಿಗೆ ಆತ ಬೇಕಾಗಿದ್ದ. ಜುಲೈಯಲ್ಲಿ ಕಿಸಿಂಜರ್ ಗುಟ್ಟಾಗಿ ಬೀಜಿಂಗಿಗೆ ಹಾರಿದ್ದು ಪಾಕಿಸ್ತಾನದಿಂದಲೇ.

ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದರು. ಅವರ ಪರಿಹಾರಕ್ಕೆಂದು ಆ ನವೆಂಬರಿನಿಂದ ನಮ್ಮ ಕಾಗದಗಳಿಗೆ 5 ಪೈಸೆಯ ಹೆಚ್ಚಿನ ಅಂಚೆಚೀಟಿ ಅಂಟಿಸಬೇಕಾಯಿತು. ಜಾಮೀನು ನಿಂತವರು ವಾಷಿಂಗ್ಟನ್ನಿನಲ್ಲಿ, ಬಾಕಿ ಕಟ್ಟಿದವರು ನಾವು!

ಡಿಸೆಂಬರಿನಲ್ಲಿ ಜೋರ್ಡಾನಿನಿಂದ ಯುದ್ಧವಿಮಾನಗಳು ಯಾಹ್ಯಾನಿಗೆ ಹೋಗುವಂತೆ ನಿಕ್ಸನ್-ಕಿಸಿಂಜರ್ ಪ್ರೇರೇಪಿಸಿದರು. ಇದು ಕಾನೂನಿಗೆ ವಿರುದ್ಧವೆಂದು ಅವರ ಅಧಿಕಾರಿಗಳೇ ಹೇಳಿದ್ದುಂಟು. ಈಗ ಬಯಲಾಗಿರುವ ಅವರದೇ ದಾಖಲೆಗಳಲ್ಲಿ ಇದೆಲ್ಲ ಇದೆ. ಎಂಟರ್‌ಪ್ರೈಸ್ ಯುದ್ಧನೌಕೆ ಬಂಗಾಳ ಕೊಲ್ಲಿಯತ್ತ ಹೊರಟಿತು. ಡಿಸೆಂಬರ್ 16ರಂದು ಪಾಕ್ ಸೇನೆ ಶರಣಾಯಿತು. ಯಾಹ್ಯಾಖಾನನ ಮೇಲೆ ಈ ಕೊಲೆಗಳಿಗಾಗಿ ವಿಚಾರಣೆ ನಡೆಯಲಿಲ್ಲ. ಕಿಸಿಂಜರಿಗೆ 1973ರಲ್ಲಿ ಶಾಂತಿಯ ನೊಬೆಲ್ ಬಂದಿತು!

ನಾವು ಒಕ್ಕಣ್ಣರಾಗಬಾರದು. 1956ರಲ್ಲಿ ರಷ್ಯದ ಟ್ಯಾಂಕುಗಳು ಹಂಗೇರಿಯನ್ನು ತುಳಿದಾಗ ನಮ್ಮ ಸರ್ಕಾರವೂ ಬಾಯಿ ಬಿಡಲು ಹಿಂಜರಿದಿತ್ತು. ಆ ಮಾತನ್ನು ಹೇಳಿಯೇ ಅಮೆರಿಕವನ್ನು ಕೇಳೋಣ: ತಪ್ಪಾಯಿತೆಂದು ಬಂಗಾಳಿಗಳಿಗೆ ಹೇಳುವುದು ಎಂದು?

ಅಮೆರಿಕದ ಜನರೆಲ್ಲ ನಿಕ್ಸನ್ನರಾಗಿರಲಿಲ್ಲ. ಆಯುಧ ನಿಲ್ಲಿಸಿದ್ದೇವೆಂದು ಸರ್ಕಾರ ಹೇಳುತ್ತಿದ್ದಾಗಲೇ ಅವು ಹಡಗೇರುತ್ತಿವೆಯೆಂದು 1971ರ ಜೂನಿನಲ್ಲಿ ಅಲ್ಲಿನ ಪತ್ರಿಕೆಯೇ ಬಯಲಿಗೆಳೆಯಿತು. ಬಾಲ್ಟಿಮೋರ್ ಬಂದರಿನಲ್ಲಿ ಕೆಲವರು ಪುಟ್ಟ ದೋಣಿಗಳಲ್ಲಿ ಹೋಗಿ 'ಪದ್ಮಾ' ಹಡಗಿಗೆ ಅಡ್ಡ ನಿಂತರು, ಪೊಲೀಸರು ಹಿಡಿದೊಯ್ದರು. ಫಿಲಡೆಲ್ಫಿಯಾದ ಬಂದರು ಕಾರ್ಮಿಕರಂತೂ ಪಾಕಿಸ್ತಾನದ ಹಡಗಿಗೆ ಸರಕು ತುಂಬುವುದೇ ಇಲ್ಲವೆಂದು ಕೈಕಟ್ಟಿ ನಿಂತುಬಿಟ್ಟರು.