ಹಂಪಿಯ ಗೆಜ್ಜೆ ಯಾರ ಕಾಲಿಗೆ?

ಕುಣಿತ ಕಲಿಯುವವಳು ಕೊನೆಯ ಭಂಗಿ ಮರೆತುಬಿಟ್ಟರೆ ಏನು ಮಾಡಬೇಕು? ಐನೂರು ವರ್ಷಗಳ ಹಿಂದಿನ ಹಂಪಿಯಲ್ಲಿ ಇದಕ್ಕೆ ಸುಲಭದ ಉತ್ತರವಿತ್ತು: ತಲೆಯೆತ್ತಿ ಗೋಡೆ ನೋಡಬೇಕು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪೇಸ್, ಅರಮನೆಯೊಳಗೆ ಹೆಂಗಸರಿಗೆ ನೃತ್ಯ ಕಲಿಸುವ ಮನೆಯೊಂದನ್ನು ಕಂಡ. ಅಲ್ಲಿನ ಒಂದೊಂದು ಫಲಕದ ಮೇಲೂ ಒಂದೊಂದು ನೃತ್ಯ ಮುಗಿಯುವಾಗಿನ ನಿಲುವು. ಮರೆತವಳಿಗೆ ಅದೇ ಪಾಠಪುಸ್ತಕ. ಕೈಯಲ್ಲಿ ಹಿಡಿದು ಜೋತುಬಿದ್ದು ಮೈಕಾಲು ಹದಮಾಡಿಕೊಳ್ಳಲು ಬಣ್ಣ ಬಳಿದ ಗೂಡೊಂದು ಬೇರೆ ಇತ್ತು. ಇಂದಿನ ನೃತ್ಯಶಾಲೆಗಳ ಗೋಡೆಗೆ ಕನ್ನಡಿ ಹಾಕುತ್ತಾರೆ. ಕನ್ನಡಿ ತಪ್ಪು ತೋರಿಸುತ್ತದೆ. ಆ ಫಲಕಗಳು ಸರಿಯಾದದ್ದನ್ನು ತೋರಿಸುತ್ತಿದ್ದವು.

ಆದರೆ ಆ ಮನೆ ಎಲ್ಲರದ್ದಾಗಿರಲಿಲ್ಲ; ಅಲ್ಲಿನ ಕುಣಿತ ಅರಸನ ಸೇವೆಗಿತ್ತು. ಪ್ರತಿ ಶನಿವಾರ ನರ್ತಕಿಯರು ಅರಮನೆಗೆ ಬಂದು ಅರಸನ ದೇವರ ಮುಂದೆ ಕುಣಿಯಲೇಬೇಕಿತ್ತು ಎಂದು ಇನ್ನೊಬ್ಬ ಪೋರ್ಚುಗೀಸ್, ನೂನಿಜ್, ಬರೆದಿದ್ದಾನೆ. ಅವನದೇ ಇನ್ನೊಂದು ಮಾತು ಹೊಸಪೇಟೆಯವರ ಕಿವಿ ನಿಮಿರಿಸುವಂಥದ್ದು. ಕೃಷ್ಣದೇವರಾಯ ಪ್ರಾಯದಲ್ಲಿ ಪ್ರೀತಿಸಿದ ಚಿನ್ನಾದೇವಿ ಎಂಬ ಗಣಿಕೆಗಾಗಿಯೇ ನಾಗಲಾಪುರ, ಅಂದರೆ ಈಗಿನ ಹೊಸಪೇಟೆಯನ್ನು ಕಟ್ಟಿಸಿದನಂತೆ. ಅಲ್ಲ, ಅದು ಅರಸನ ತಾಯಿ ನಾಗಲಾಂಬಿಕೆಯ ಹೆಸರಿನ ಊರು ಎನ್ನುವುದು ನಾಡಿನ ನಂಬಿಕೆ. ನರ್ತಕಿಯ ಹೆಸರಿಗಿಂತ ತಾಯಿಯ ಹೆಸರನ್ನೇ ಊರು ಇಷ್ಟಪಟ್ಟದ್ದರಲ್ಲಿ ಆಶ್ಚರ್ಯವೇನಿಲ್ಲ.

ಆ ಮನೆಯ ಹೊರಗೆ ನೃತ್ಯ ಕಾಣಿಸುತ್ತಿದ್ದದ್ದು ಕಲ್ಲಿನಲ್ಲಿ ಮತ್ತು ಆಟದಲ್ಲಿ. ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಆನೆ, ಕುದುರೆ, ಕಾಲಾಳುಗಳ ಸಾಲಿನ ಜೊತೆಯಲ್ಲೇ ಕುಣಿಯುವ ಹೆಂಗಸರ ಸಾಲೂ ಸಾಗುತ್ತದೆ. ಮಹಾನವಮಿ ದಿಬ್ಬದ ಮೇಲೆ ಕೋಲಾಟದ ಕೆತ್ತನೆಯಿದೆ. ಕೂಚಿಪೂಡಿಯ ಭಾಗವತರು ವಿಜಯನಗರಕ್ಕೆ ಬಂದು, ಸಮ್ಮೆಟ ಗುರವರಾಜು ಎಂಬ ಪಾಳೆಯಗಾರ ಹೆಂಗಸರಿಗೆ ಕೊಡುತ್ತಿದ್ದ ಹಿಂಸೆಯನ್ನು ಆಗಿನ ಅರಸನೆದುರೇ ಆಡಿ ತೋರಿಸಿದರು ಎಂದು ಮಾಚುಪಲ್ಲಿ ಕೈಫಿಯತ್ತು ಎಂಬ ಹಳೆಯ ದಾಖಲೆ ಹೇಳುತ್ತದೆ. ಇವತ್ತಿನ ಬೀದಿನಾಟಕದವರು ಮಾಡುವ ಕೆಲಸವೇ ಅದು.

1565ರ ಯುದ್ಧದಲ್ಲಿ ವಿಜಯನಗರ ಸೋತ ನಂತರ ಆಶ್ರಯ ತೆಂಕಣಕ್ಕೆ ಸರಿಯಿತು. ಕಲೆ ತಂಜಾವೂರಿನ ನಾಯಕರ, ಆಮೇಲೆ ಮರಾಠರ ಆಸ್ಥಾನದಲ್ಲಿ ಬೆಳೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ನೃತ್ಯಗುರುಗಳಾದ ತಂಜಾವೂರು ಸಹೋದರರಲ್ಲಿ ಒಬ್ಬನಾದ ಚಿನ್ನಯ್ಯ ಮುಮ್ಮಡಿ ಕೃಷ್ಣರಾಜ ಒಡೆಯರ ಮೈಸೂರಿಗೆ ಬಂದ. ಅದೇ ಮೈಸೂರಿನಲ್ಲಿ ಜಟ್ಟಿಯ ಮಗಳು ತಾಯಮ್ಮ ಅಭಿನಯದಲ್ಲಿ ದೊಡ್ಡ ಹೆಸರಾದರು. ತಾಯಮ್ಮನ ಶಿಷ್ಯೆ ಕೆ. ವೆಂಕಟಲಕ್ಷಮ್ಮ 1906ರಲ್ಲಿ ಕಡೂರು ಸೀಮೆಯ ತಾಂಡಾದಲ್ಲಿ ಹುಟ್ಟಿದವರು. ಸಂಡೂರಿನ ಲಂಬಾಣಿ ಕಸೂತಿಯ ಬಗ್ಗೆ ಅಭಿಮಾನದಿಂದ ಮಾತಾಡುವ ನಮ್ಮ ಸೀಮೆಯ ಎಷ್ಟು ಮಂದಿಗೆ ಗೊತ್ತು, ಮೈಸೂರು ಶೈಲಿಯ ಭರತನಾಟ್ಯವನ್ನು ಉಳಿಸಿದವರು ಒಬ್ಬ ಲಂಬಾಣಿ ಹೆಣ್ಣುಮಗಳು ಎಂದು? 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ಅವರನ್ನು ನೃತ್ಯ ಕಲಿಸಲು ಕರೆಯಿತು. 1992ರಲ್ಲಿ ಪದ್ಮಭೂಷಣ ಬಂತು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಗೌರವ ಕೊಟ್ಟಿತು.

ಹಂಪಿಯ ಸುತ್ತಮುತ್ತ ಕಥೆ ಇಷ್ಟು ಹಗುರವಲ್ಲ. 1953ರವರೆಗೆ ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿತ್ತು; ಹಾಗಾಗಿ 1947ರ ಮದರಾಸು ದೇವದಾಸಿ ಕಾಯ್ದೆ ಇಲ್ಲಿಗೂ ಅನ್ವಯಿಸಿತು. ಆದರೂ ಮುತ್ತು ಕಟ್ಟುವುದು, ಅಂದರೆ ದೇವರಿಗೆ ಬಿಡುವ ಶಾಸ್ತ್ರ, ನಿಲ್ಲಲಿಲ್ಲ. 1982ರಲ್ಲಿ ಕರ್ನಾಟಕ ಇನ್ನೊಂದು ಕಾಯ್ದೆ ತರಬೇಕಾಯಿತು. ಮುತ್ತು ಕಟ್ಟಿಸಿಕೊಂಡವರಲ್ಲಿ ಬಹುಪಾಲು ದಲಿತ ಮನೆಗಳ ಹೆಣ್ಣುಮಕ್ಕಳು. ಅವರ ಪಾಲಿಗೆ ಅಂಟಿದ್ದು ಕಳಂಕ ಮಾತ್ರ, ಕಲೆಯಲ್ಲ. ಗೆಜ್ಜೆಪೂಜೆ ಎಂಬ ಮಾತನ್ನೇ ನೋಡಿ. ಎಂ.ಕೆ. ಇಂದಿರಾ ಅವರ ಕಾದಂಬರಿಯಲ್ಲಿ, ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ಅದು ಹೆಣ್ಣೊಬ್ಬಳ ಬಾಳು ಮುಗಿಸುವ ಶಾಸ್ತ್ರ. ಇವತ್ತು ಅದೇ ಮಾತು ಭರತನಾಟ್ಯ ಕಲಿತ ಹುಡುಗಿಯ ಮನೆಯವರು ಹಂಚುವ ಆಮಂತ್ರಣ ಪತ್ರಿಕೆಯ ತಲೆಬರಹ. ಮಗಳ ಕಾಲಿಗೆ ಗೆಜ್ಜೆ ಕಟ್ಟಲು ಹಳ್ಳಿಯ ತಾಯಿಯೊಬ್ಬಳು ಹಿಂಜರಿದರೆ ಅದನ್ನು ಅಜ್ಞಾನ ಎನ್ನುವಂತಿಲ್ಲ; ಅವಳಿಗೆ ಇತಿಹಾಸ ನೆನಪಿದೆ.

ಶಾಸ್ತ್ರೀಯ ನೃತ್ಯ ಸಣ್ಣ ಊರುಗಳಿಗೆ ಹಬ್ಬಿದ್ದರಲ್ಲಿ ರಾಜಾಶ್ರಯಕ್ಕಿಂತ ಪರೀಕ್ಷೆಯ ಪಾತ್ರ ದೊಡ್ಡದು. ಪ್ರೌಢ ಶಿಕ್ಷಣ ಪರೀಕ್ಷಾ ಮಂಡಳಿ ದಶಕಗಳ ಕಾಲ ನಡೆಸಿದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿಂದಾಗಿ, ಸಂಜೆ ತೆರೆಯುವ ಒಂದು ಕೋಣೆಯೂ ಪಾಠಶಾಲೆಯಾಯಿತು. ಇನ್ನೊಂದು ದಾರಿ ಹಂಪಿ ಉತ್ಸವ. ಹಡಗಲಿಯ ಎಂ.ಪಿ. ಪ್ರಕಾಶ್ ಆಸ್ಥೆಯಿಂದ ಬೆಳೆಸಿದ ಆ ಉತ್ಸವಕ್ಕೆ ಮೆಟ್ರಿ, ಕಂಪ್ಲಿ, ಸಂಡೂರು ಕಡೆಯ ಜನರೂ ಹೋಗಿ ನೆಲದ ಮೇಲೆ ಕೂತು ನಡುರಾತ್ರಿವರೆಗೂ ನೋಡಬಹುದು. ಬಯಲಾಟದ ಹೆಜ್ಜೆ ಕಂಡು ಬೆಳೆದ ಕಣ್ಣಿಗೆ ತಾಳ ಹೊಸದಲ್ಲ. ಪುರಂದರದಾಸರ ಪದಕ್ಕೆ ಅಭಿನಯ ಮಾಡಿದರಂತೂ ಯಾರೂ ಅರ್ಥ ಬಿಡಿಸಿ ಹೇಳಬೇಕಿಲ್ಲ. ಆದರೆ ಒಂದು ರಾತ್ರಿಯ ನೋಟ ಕಲಿಕೆಯಲ್ಲ. ವೇದಿಕೆ ಬಿಚ್ಚಿದ ಮರುದಿನ ಕಲಿಸುವವರು ಊರಲ್ಲೇ ಇರಬೇಕು.

ಹಾಗೆ ಊರಲ್ಲೇ ಇದ್ದು ಕಲಿಸಿದವರು ಬೇರೊಂದು ದಾರಿಯಲ್ಲಿ ಸಿಗುತ್ತಾರೆ. ಬಳ್ಳಾರಿ ಜಿಲ್ಲೆಯ ಮಂಜಮ್ಮ ಜೋಗತಿಗೆ ಹುಲಿಗೆಮ್ಮನ ಗುಡಿಯಲ್ಲಿ ಮುತ್ತು ಕಟ್ಟಲಾಯಿತು. ಮನೆಯಿಂದ ದೂರವಾದ ಅವರು ಕಾಳವ್ವ ಜೋಗತಿಯ ಬಳಿ, ಮುತ್ತು ಕಟ್ಟಿಸಿಕೊಂಡವರು ಕುಣಿಯುವ ಜೋಗತಿ ನೃತ್ಯ ಕಲಿತರು. ಮರಿಯಮ್ಮನಹಳ್ಳಿಯಲ್ಲಿ ನೆಲೆಸಿ, ಗುರುವಿನ ನಂತರ ತಂಡ ನಡೆಸಿದರು. ಮುಂದೆ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು. 2021ರ ನವೆಂಬರಿನಲ್ಲಿ ಪದ್ಮಶ್ರೀ ಪಡೆಯುವ ಮುನ್ನ, ರಾಷ್ಟ್ರಪತಿಯವರಿಗೆ ತಮ್ಮ ಸೀರೆಯ ಸೆರಗಿನಿಂದ ದೃಷ್ಟಿ ತೆಗೆದರು. ಅವರು ಕಲಿತ ಕುಣಿತಕ್ಕೆ ಜೂನಿಯರ್ ಪರೀಕ್ಷೆಯೂ ಇಲ್ಲ, ಸೀನಿಯರ್ ಪರೀಕ್ಷೆಯೂ ಇಲ್ಲ.