ಕಪ್ಪು ಬಿಯರಿನಲ್ಲಿ ಬೆಂದ ಕುರಿಮಾಂಸ

ಐರ್ಲೆಂಡಿನ ಹಳ್ಳಿಗಳಲ್ಲಿ ಕುರಿಯನ್ನು ಮುಖ್ಯವಾಗಿ ಉಣ್ಣೆ ಹಾಗೂ ಹಾಲಿಗಾಗಿ ಸಾಕುತ್ತಿದ್ದುದರಿಂದ, ಮುಪ್ಪಾಗಿ ಉಪಯೋಗ ತಪ್ಪಿದ ಪ್ರಾಣಿಯ ಗಡಸು ಮಾಂಸವೇ ಅಡುಗೆಮನೆಗೆ ಬರುತ್ತಿತ್ತು. ಅದನ್ನು ಆಲೂಗಡ್ಡೆ, ಈರುಳ್ಳಿ ಮತ್ತು ನೀರಿನೊಡನೆ ಬೆಂಕಿಯ ಮೇಲೆ ತೂಗುಹಾಕಿದ ಕಬ್ಬಿಣದ ಪಾತ್ರೆಯಲ್ಲಿ ನಿಧಾನವಾಗಿ ಬೇಯಿಸಿದ ಖಾದ್ಯವೇ ಐರಿಶ್ ಸ್ಟ್ಯೂ. ಎಳೆಯ ಕುರಿಯ ಮಾಂಸವೂ ಸ್ಟೌಟ್, ಅಂದರೆ ಹುರಿದ ಬಾರ್ಲಿಯಿಂದ ಕಪ್ಪುಬಣ್ಣ ಪಡೆದ ಬಿಯರೂ ಇದಕ್ಕೆ ತರುವಾಯ ಸೇರಿದವು. ಡಬ್ಲಿನ್ನಿನಲ್ಲಿ 1759ರಲ್ಲಿ ಆರ್ಥರ್ ಗಿನ್ನೆಸ್ ಆರಂಭಿಸಿದ ಬಿಯರ್ ಕಾರ್ಖಾನೆಯ ಸ್ಟೌಟ್ ಇಂದು ಇದಕ್ಕೆ ಹೆಚ್ಚು ಬಳಕೆಯಲ್ಲಿದೆ. ಕಟ್ಟಾ ಸಂಪ್ರದಾಯಸ್ಥರು ಕ್ಯಾರೆಟ್ಟನ್ನೂ ಒಪ್ಪರು; ಆದರೆ ಬಿಯರು ಹಾಕಿದ ಮೇಲೆ ಅದರ ಸಿಹಿ ಬೇಕೇ ಬೇಕು.

ಈ ಅಡುಗೆಗೆ ಅವಸರ ಹಿಡಿಸದು. ಭುಜ, ಕತ್ತಿನ ಭಾಗಗಳಲ್ಲಿರುವ ಕೊಲಾಜೆನ್, ಅಂದರೆ ಸ್ನಾಯುವಿನ ಎಳೆಗಳನ್ನು ಬಿಗಿದು ಹಿಡಿಯುವ ಪ್ರೋಟೀನು, ಎರಡು ಗಂಟೆಯ ಸಣ್ಣ ಉರಿಯಲ್ಲಿ ಕರಗಿ ಜಿಲೆಟಿನ್ ಆಗಿ ರಸಕ್ಕೆ ಅಂಟುಗುಣ ಕೊಡುತ್ತದೆ; ಕೊತಕೊತ ಕುದಿಸಿದರೆ ಎಳೆಗಳು ಸಂಕುಚಿಸಿ, ಒಳಗಿನ ನೀರು ಹಿಂಡಿಹೋಗಿ, ತುಂಡು ನಾರಾಗುತ್ತದೆ. ಅದಕ್ಕೂ ಮೊದಲು ತುಂಡುಗಳ ಪಸೆಯನ್ನೊರೆಸಿ, ಒತ್ತೊತ್ತಾಗಿ ಹಾಕದೆ ಕಂದುಬಣ್ಣ ಬರುವವರೆಗೆ ಹುರಿದು, ಪಾತ್ರೆಯ ತಳಕ್ಕೆ ಹತ್ತಿದ ಕಂದು ಪದರವನ್ನು ಬಿಯರು ಸುರಿದು ಮರದ ಸೌಟಿನಿಂದ ಕೆರೆಯಬೇಕು. ಪರಿಮಳದ ಬಹುಪಾಲು ಬರುವುದು ಅಲ್ಲಿಂದಲೇ. ಬತ್ತಿದಷ್ಟೂ ಬಿಯರಿನ ಕಹಿ ಗಾಢವಾಗುವುದರಿಂದ ಅದರಷ್ಟೇ ಮಾಂಸದ ಕಟ್ಟನ್ನೂ ಬೆರೆಸುವುದು ಲೇಸು. ದೀರ್ಘಕಾಲ ಬೆಂದರೂ ಆಲ್ಕೊಹಾಲು ಪೂರ್ತಿ ಆರಿಹೋಗುವುದಿಲ್ಲವೆಂಬುದನ್ನು ಮದ್ಯ ವರ್ಜಿಸಿದವರು ತಿಳಿದಿರಬೇಕು. ಆಲೂಗಡ್ಡೆಯ ಅರ್ಧಭಾಗವನ್ನು ಮೊದಲೇ ಹಾಕಿದರೆ ಅದು ಕರಗಿ ರಸವನ್ನು ಮಂದಗೊಳಿಸುತ್ತದೆ, ಉಳಿದರ್ಧ ಕೊನೆಯ ಅರ್ಧ ಗಂಟೆಯಲ್ಲಿ ಸೇರಿ ಹೋಳಾಗಿಯೇ ಉಳಿಯುತ್ತದೆ.